ರೊಕ್ಕ ಹಾಕಿದ್ದಾರೆ, ಆದರೆ ಬಂದಿಲ್ಲ: ಹಾವೇರಿ ಜಿಲ್ಲೆಯ ಒಂದು ಪ್ರಕರಣ

ಈ ಪ್ರಕರಣ ಹಾವೇರಿ ಜಿಲ್ಲೆಯ ಒಂದು ಹಳ್ಳಿಯದು. ಬ್ಯಾಡಗಿ ಪೇಟೆಗೆ ಕೂಲಿಗೆಂದು ದಿನಾ ಹೋಗಿ ಬರುವಷ್ಟು ಹತ್ತಿರದ ಊರು. ಊರಿನ ಹೆಸರು, ಬ್ಯಾಂಕುಗಳ ಹೆಸರು, ಮನುಷ್ಯರ ಹೆಸರು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ತೊಂದರೆಗೆ ಸಿಕ್ಕ ಹಿರಿಯರನ್ನು ಓಣಿಯವರು ಕರೆಯುವ ಹಾಗೆ ಆಯಿ ಎಂದೇ ಕರೆಯುತ್ತೇನೆ. ಬರೆಯಲು ಅವರ ಒಪ್ಪಿಗೆ ಇದೆ. "ಬರಿ ತಮ್ಮಾ, ಬ್ಯಾರೇದವ್ರಿಗರ ಉಪಯೋಗ ಆಗ್ಲಿ" ಅಂದರು.

ನಾನು ಹುಬ್ಬಳ್ಳಿಯವನು. ಹಳ್ಳಿಯ ಸೇವಾ ಕೇಂದ್ರಗಳಲ್ಲಿ ಕೂತು ಅರ್ಜಿ ಎಲ್ಲಿ ನಿಲ್ಲುತ್ತದೆ, ಜನ ಯಾವ ಪರದೆ ಮುಂದೆ ಗೊಂದಲಕ್ಕೆ ಬೀಳುತ್ತಾರೆ ಅಂತ ನೋಡಿ ನಮೂನೆ, ಚೀಟಿ, ಬೋರ್ಡು ಸರಿಮಾಡುವ ಕೆಲಸ ನನ್ನದು. ಇಂಥದೇ ಕೆಲಸ ಮಾಡುವವರು, ಕೇಂದ್ರ ನಡೆಸುವವರು, ಮನೆಯಲ್ಲಿ ಹಿರಿಯರನ್ನು ಬ್ಯಾಂಕಿಗೆ ಕರೆದುಕೊಂಡು ಹೋಗುವವರು ಓದಲಿ ಅಂತ ಇದನ್ನು ಪೂರ್ತಿ ಬರೆದಿದ್ದೇನೆ.

ಹಿನ್ನೆಲೆ

ಆಯಿಗೆ ಎಪ್ಪತ್ತರ ಹತ್ತಿರ. ಗಂಡ ತೀರಿಕೊಂಡು ಬಹಳ ವರ್ಷ ಆಯಿತು. ಮಗಳನ್ನು ರಾಣೇಬೆನ್ನೂರು ಕಡೆ ಕೊಟ್ಟಿದ್ದಾರೆ. ಬಿಪಿಎಲ್ ಕಾರ್ಡಿನಲ್ಲಿ ಇರುವುದು ಆಯಿ ಒಬ್ಬರ ಹೆಸರೇ. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಗೆ ಹೋಗಿ ತೊಟ್ಟು ಬಿಡಿಸುತ್ತಾರೆ, ಉಳಿದ ದಿನ ಹೊಲದಲ್ಲಿ ಕಳೆ ತೆಗೆಯುವುದು, ಹತ್ತಿ ಬಿಡಿಸುವುದು ಏನಾದರೊಂದು ಇರುತ್ತದೆ. ಬೆರಳ ತುದಿ ಸವೆದು ನುಣ್ಣಗಾಗಿದೆ, ಅಲ್ಲಲ್ಲಿ ಬಿರುಕು. ಹೆಬ್ಬೆಟ್ಟು ಮಷಿನ್ ಮೇಲೆ ಇಟ್ಟರೆ ಒಂದೇ ಸಲಕ್ಕೆ ಹಿಡಿಯುವುದಿಲ್ಲ. ಈ ಬೆರಳಿನ ಕತೆ ಮುಂದೆಯೂ ಬರುತ್ತದೆ.

ಕೈಗೆ ನಿಗದಿಯಾಗಿ ಸಿಗುತ್ತಿದ್ದದ್ದು ಒಂದೇ, ಪಗಾರ. ಅಂದರೆ ಸಂಧ್ಯಾ ಸುರಕ್ಷಾ, 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ. ಹಿಂದೆ ಪೋಸ್ಟ್‌ಮನ್ ಮನಿಆರ್ಡರ್ ತಂದು ಕಟ್ಟೆ ಮೇಲೆ ಕೂತು ಎಣಿಸಿ ಕೊಡುತ್ತಿದ್ದರಂತೆ. ಆಮೇಲೆ ತಾಲೂಕು ಊರಿನ ಒಂದು ಬ್ಯಾಂಕಿನ ಖಾತೆಗೆ ಬರತೊಡಗಿತು. ಆಯಿಗೆ ಅದೂ ರೂಢಿಯಾಯಿತು. ತಿಂಗಳಿಗೊಮ್ಮೆ ಹೋಗುವುದು, ಪಾಸ್‌ಬುಕ್ ಪ್ರಿಂಟ್ ಹಾಕಿಸುವುದು, ಸಾವಿರ ತೆಗೆಯುವುದು, ಇನ್ನೂರು ಅಲ್ಲೇ ಬಿಡುವುದು.

2023ರ ಮಳೆಗಾಲದಲ್ಲಿ ಹಳ್ಳಿಗಳಲ್ಲಿ ಎಂಥ ಗದ್ದಲ ಇತ್ತು ಅಂತ ನಿಮಗೂ ನೆನಪಿರಬೇಕು. ಜೂನ್ 11ಕ್ಕೆ ಶಕ್ತಿ ಶುರುವಾಗಿ ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಆಯಿತು. ಜುಲೈಯಲ್ಲಿ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕತೊಡಗಿದರು. ಅದೇ ತಿಂಗಳು ಗೃಹಲಕ್ಷ್ಮಿ ನೋಂದಣಿ, ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಚಾಲನೆ, ಮನೆ ಯಜಮಾನಿಗೆ ತಿಂಗಳಿಗೆ 2,000. ಗ್ರಾಮ ಒನ್, ಬಾಪೂಜಿ ಸೇವಾ ಕೇಂದ್ರಗಳ ಮುಂದೆ ಬೆಳಿಗ್ಗೆಯಿಂದ ಪಾಳಿ. ಎಲ್ಲರ ಬಾಯಲ್ಲೂ ಒಂದೇ ಮಾತು, ಆಧಾರ್ ಲಿಂಕ್ ಮಾಡಿಸ್ರಿ, ಇಲ್ಲಾಂದ್ರೆ ರೊಕ್ಕ ಬರಂಗಿಲ್ಲ.

ಏನು ತೊಂದರೆ

ಆಯಿಗೆ ಗೃಹಲಕ್ಷ್ಮಿ ಬರಲಿಲ್ಲ. ಅಕ್ಕಿಯ ಹಣವೂ ಬರಲಿಲ್ಲ. ಸಾಲದ್ದಕ್ಕೆ, ಮೊದಲಿಂದ ಬರುತ್ತಿದ್ದ ಪಗಾರ ನಿಂತಿತು.

ಮೊದಲ ಎರಡರ ಬಗ್ಗೆ ಅವರೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಹೊಸ ಯೋಜನೆ, ಬಂದರೆ ಬಂತು. ಪಗಾರ ನಿಂತದ್ದೇ ಹೊಡೆತ. ಗುಳಿಗೆ ತರುವುದು, ಕಿರಾಣಿ ಅಂಗಡಿಯ ಉದ್ರಿ ತೀರಿಸುವುದು ಎಲ್ಲ ಅದರ ಮೇಲೆಯೇ. ಬ್ಯಾಂಕಿಗೆ ಹೋದರು. ಕೌಂಟರಿನಲ್ಲಿ ನೋಡಿ "ರೊಕ್ಕ ಬಂದಿಲ್ಲ, ತಹಶೀಲ್ದಾರ್ ಆಫೀಸಿನ್ಯಾಗ ಕೇಳ್ರಿ" ಅಂದರು. ಅಲ್ಲಿ ಹೋದರೆ ಸಿಬ್ಬಂದಿ ಕಂಪ್ಯೂಟರ್ ನೋಡಿ "ನಮ್ಮ ಕಡೆಯಿಂದ ತಿಂಗಳಾ ಹೋಗೇತಿ, ಬ್ಯಾಂಕಿನ್ಯಾಗ ಕೇಳ್ರಿ" ಅಂದರು. ಪರದೆ ಮೇಲೆ ಪ್ರತಿ ತಿಂಗಳ ಮುಂದೆ ಹಸಿರು ಬಣ್ಣದಲ್ಲಿ ಯಶಸ್ವಿ ಅಂತ ಬರೆದಿತ್ತು. ಮತ್ತೆ ಬ್ಯಾಂಕು. "ಆಧಾರ್ ಲಿಂಕ್ ಆಗೇತಿ ಅಜ್ಜಿ, ನಮ್ಮದೇನೂ ತೊಂದರೆ ಇಲ್ಲ."

ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ ಅನ್ನುವುದನ್ನು ಒತ್ತಿ ಹೇಳಬೇಕು. ಹಣ ಹೋಗಿತ್ತು. ಆ ಖಾತೆಗೆ ಬಂದಿರಲಿಲ್ಲ. ಆ ಖಾತೆಗೆ ಆಧಾರ್ ಲಿಂಕ್ ಕೂಡ ಆಗಿತ್ತು. ಮೂರೂ ಮಾತು ನಿಜ. ಮೂರನ್ನೂ ಒಟ್ಟಿಗೆ ಇಟ್ಟು ನೋಡುವವರು ಮಾತ್ರ ಯಾರೂ ಇರಲಿಲ್ಲ. ಪಗಾರ ಕಂದಾಯ ಇಲಾಖೆಯದು, ಗೃಹಲಕ್ಷ್ಮಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಅಕ್ಕಿಯ ಹಣ ಆಹಾರ ಇಲಾಖೆಯದು. ಒಂದೊಂದಕ್ಕೂ ಬೇರೆ ಆಫೀಸು, ಬೇರೆ ಪರದೆ.

"ಬಸ್ ಫ್ರೀ ಐತಲ್ಲ, ಇನ್ನೊಂದ್ಸಲ ಹೋಗಿ ಬಾ" ಅಂತ ಎಲ್ಲರೂ ಸುಲಭವಾಗಿ ಹೇಳುತ್ತಿದ್ದರು. ಬಸ್ಸಿಗೆ ದುಡ್ಡಿಲ್ಲ ನಿಜ. ಆದರೆ ಪೇಟೆ ಜೋರಾಗಿರುವ ದಿನ ಕಚೇರಿಗೆ ಹೋದರೆ ಆ ದಿನದ ಕೂಲಿ ಹೋಯಿತು. ಆಯಿಯ ಓಡಾಟ ಯಾವ ಆಫೀಸಿನ ಲೆಕ್ಕದಲ್ಲೂ ಖರ್ಚು ಅಂತ ಕಾಣುವುದಿಲ್ಲ. ಅವರ ಮನೆಯ ಲೆಕ್ಕದಲ್ಲಿ ಅದು ಜೋಳದ ಹಿಟ್ಟು.

ಮೊದಲು ಮಾಡಿದ ಪ್ರಯತ್ನಗಳು

ಬ್ಯಾಂಕಿನಲ್ಲಿ ಆಧಾರ್ ಜೆರಾಕ್ಸ್ ಮತ್ತೊಮ್ಮೆ ಕೊಟ್ಟು ಕೆವೈಸಿ ಮಾಡಿಸಿದರು. ಏನೂ ಆಗಲಿಲ್ಲ. ಯಾರೋ ಹೊಸದಾಗಿ ಪಗಾರದ ಅರ್ಜಿ ಹಾಕು ಅಂದರು. ಅದನ್ನು ಸೇವಾ ಕೇಂದ್ರದ ಹುಡುಗ ತಡೆದ. ಪಗಾರ ಚಾಲ್ತಿಯಲ್ಲಿರುವಾಗ ಇನ್ನೊಂದು ಅರ್ಜಿ ಹಾಕಿದರೆ ಇರುವುದಕ್ಕೂ ತೊಡಕಾಗುತ್ತದೆ ಅಂತ ಅವನಿಗೆ ಗೊತ್ತಿತ್ತು. ಗೃಹಲಕ್ಷ್ಮಿಗೆ ಸಿಡಿಪಿಒ, ಅಂದರೆ ಮಹಿಳಾ ಮತ್ತು ಮಕ್ಕಳ ಇಲಾಖೆಯ ತಾಲೂಕು ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸಿದಾಗ ಅಲ್ಲಿಯೂ ಹಣ ಹೋಗಿದೆ ಅಂತಲೇ ಉತ್ತರ.

ಡಿಬಿಟಿ (ಸರ್ಕಾರದ ಹಣ ನೇರ ಖಾತೆಗೆ ಹಾಕುವುದು) ಕರ್ನಾಟಕ ಅನ್ನುವ ಆಪ್ ಇದೆ, ಅದರಲ್ಲಿ ಯಾವ ಹಣ ಯಾವಾಗ ಬಂತು ನೋಡಬಹುದು. ಹುಡುಗ ಅದನ್ನೂ ತೆರೆದ. ಆಧಾರ್ ನಂಬರ್ ಹಾಕಿದ ಕೂಡಲೇ ಓಟಿಪಿ ಕೇಳಿತು. ಓಟಿಪಿ ಹೋಗುವುದು ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರಿಗೆ. ಆಯಿಯ ಆಧಾರ್‌ನಲ್ಲಿ ಇದ್ದದ್ದು ಅಣ್ಣನ ಮಗನ ಹಳೆಯ ನಂಬರ್. ಅವನು ಗೋವಾಕ್ಕೆ ದುಡಿಯಲು ಹೋಗಿ ಆ ಸಿಮ್ ಬಿಟ್ಟು ಬಹಳ ಕಾಲ ಆಗಿತ್ತು. ಅಂದರೆ ಬೇಕಾದ ಮಾಹಿತಿ ಇತ್ತು, ಸರ್ಕಾರ ಅದನ್ನು ತೋರಿಸಲೂ ತಯಾರಿತ್ತು, ಆದರೆ ಬೀಗದ ಕೈ ಸತ್ತುಹೋದ ಒಂದು ನಂಬರಿನಲ್ಲಿತ್ತು.

ಹಣ ಹೇಗೆ ಬರುತ್ತದೆ

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಡೀ ಪ್ರಕರಣ ನಿಂತಿರುವುದು ಇದರ ಮೇಲೆ.

ನಮ್ಮಲ್ಲಿ ಆಧಾರ್ ಲಿಂಕ್ ಅನ್ನುವ ಒಂದೇ ಮಾತಿಗೆ ಎರಡು ಬೇರೆ ಕೆಲಸಗಳನ್ನು ತುಂಬಿದ್ದೇವೆ. ಖಾತೆದಾರರ ಗುರುತಿಗೆ ಆಧಾರ್ ನಂಬರ್ ಸೇರಿಸಿಕೊಳ್ಳುವುದು ಒಂದು. ಅದು ಎಷ್ಟು ಬ್ಯಾಂಕುಗಳಲ್ಲಿ ಬೇಕಾದರೂ ಆಗಬಹುದು. ಇನ್ನೊಂದು, ಸರ್ಕಾರದ ಹಣ ಯಾವ ಬ್ಯಾಂಕಿಗೆ ಬರಬೇಕು ಅಂತ ಎನ್‌ಪಿಸಿಐ (ಬ್ಯಾಂಕುಗಳ ನಡುವೆ ಹಣ ಸಾಗಿಸುವ ವ್ಯವಸ್ಥೆ ನಡೆಸುವ ಸಂಸ್ಥೆ) ಪಟ್ಟಿಯಲ್ಲಿ ಗುರುತು ಹಾಕುವುದು. ಇದಕ್ಕೆ ಬ್ಯಾಂಕಿನವರು ಸೀಡಿಂಗ್ ಅಥವಾ ಮ್ಯಾಪಿಂಗ್ ಅನ್ನುತ್ತಾರೆ. ಒಬ್ಬರ ಆಧಾರ್‌ಗೆ ಒಂದು ಹೊತ್ತಿನಲ್ಲಿ ಒಂದೇ ಬ್ಯಾಂಕು. ಕೊನೆಗೆ ಯಾವ ಬ್ಯಾಂಕಿನಲ್ಲಿ ಸೀಡಿಂಗ್ ಆಯಿತೋ ಅದೇ ನಿಲ್ಲುತ್ತದೆ, ಹಿಂದಿನದು ಸರಿಯುತ್ತದೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಆ ಪಟ್ಟಿಯಲ್ಲಿ ಖಾತೆ ನಂಬರ್ ಇರುವುದೇ ಇಲ್ಲ. ಆಧಾರ್ ನಂಬರಿನ ಎದುರಿಗೆ ಬ್ಯಾಂಕಿನ ಗುರುತಿನ ಸಂಖ್ಯೆ ಮಾತ್ರ ಇರುತ್ತದೆ. ಊರಿನ ಹೆಸರಷ್ಟೇ ಬರೆದ ಕಾಗದ ಇದ್ದ ಹಾಗೆ, ಯಾವ ಮನೆ ಅಂತ ಆ ಊರಿನ ಪೋಸ್ಟ್‌ಮನ್ನೇ ನೋಡಿಕೊಳ್ಳಬೇಕು. ಹಣ ಆ ಬ್ಯಾಂಕಿಗೆ ಹೋಗುತ್ತದೆ, ಯಾವ ಖಾತೆ ಅಂತ ಬ್ಯಾಂಕು ತನ್ನ ದಾಖಲೆ ನೋಡಿ ಹಾಕುತ್ತದೆ. ಆ ಬ್ಯಾಂಕು ಸ್ವೀಕರಿಸಿದರೆ ಕಳಿಸಿದವರ ಪರದೆಯಲ್ಲಿ ಯಶಸ್ವಿ ಅಂತ ಬರುತ್ತದೆ. ಆಯಿ ಯಾವ ಬ್ಯಾಂಕಿನ ಪುಸ್ತಕ ಕೈಯಲ್ಲಿ ಹಿಡಿದು ನಿಂತಿದ್ದಾರೆ ಅನ್ನುವುದು ಆ ಪರದೆಗೆ ಸಂಬಂಧವೇ ಇಲ್ಲದ ವಿಷಯ.

ದಾರಿ ತಿರುಗಿದ್ದು ಎಲ್ಲಿ

ಮೊದಲ ತಿರುವು ಪಾಸ್‌ಬುಕ್ಕಿನಲ್ಲಿ ಸಿಕ್ಕಿತು. ನಾನು ಆ ಕೇಂದ್ರಕ್ಕೆ ಹೋದದ್ದು ಬೇರೆ ಕೆಲಸಕ್ಕೆ. ಹುಡುಗ ಆಯಿಯನ್ನು ಕೂಡಿಸಿಕೊಂಡು ಪಾಸ್‌ಬುಕ್ಕಿನ ಸಾಲು ಓದುತ್ತಿದ್ದ. ಆಯಿ ಅದನ್ನು ಎಣ್ಣೆ ಪ್ಯಾಕೆಟ್ಟಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದರು. ಪಗಾರದ ಕೊನೆಯ ಜಮೆ 2023ರ ಜುಲೈಯದು. ಅದರ ಕೆಳಗೆ ಬಡ್ಡಿಯ ಸಣ್ಣ ಸಾಲು, ಆಮೇಲೆ ಎಸ್‌ಎಂಎಸ್ ಶುಲ್ಕ ಅಂತ ಕಡಿತ, ಮತ್ತೆ ಬಡ್ಡಿ, ಮತ್ತೆ ಎಸ್‌ಎಂಎಸ್ ಶುಲ್ಕ. ಯಾರ ಫೋನಿಗೂ ಮುಟ್ಟದ ಎಸ್‌ಎಂಎಸ್‌ಗೆ ಆಯಿ ದುಡ್ಡು ಕೊಡುತ್ತಿದ್ದರು. ನನಗೆ ಈ ಒಂದು ಸಾಲೇ ಬಹಳ ಕಾಡಿತು.

ಹುಡುಗ ಗೋಡೆಯ ಕ್ಯಾಲೆಂಡರ್ ಕೆಳಗಿಟ್ಟು ಒಂದು ಪ್ರಶ್ನೆ ಕೇಳಿದ. "ಆಯಿ, ಪಗಾರ ನಿಂತಿದ್ದು, ಗೃಹಲಕ್ಷ್ಮಿ ಬರಬೇಕಾಗಿದ್ದು, ಅಕ್ಕಿ ರೊಕ್ಕ, ಮೂರೂ ಒಂದ ಹೊತ್ತಿನ್ಯಾಗ ಅದಾವು. ಆವಾಗ ನೀವು ಎಲ್ಲೆರ ಹೆಬ್ಬೆಟ್ಟು ಕೊಟ್ಟಿದ್ರೇನು?" ಅಷ್ಟು ದಿನ ಎಲ್ಲರೂ ಮೂರು ಅಹವಾಲು ಅಂತ ನೋಡುತ್ತಿದ್ದದ್ದನ್ನು ಅವನು ಒಂದೇ ಅಂತ ನೋಡಿದ. ಮೂರು ಇಲಾಖೆ ಇರಬಹುದು, ಹಣ ಬರುವ ದಾರಿ ಒಂದೇ ಅಲ್ವಾ. ಆ ದಾರಿ ಎಲ್ಲೋ ಬೇರೆ ಕಡೆ ತಿರುಗಿದೆ.

ಆಯಿ ನೆನಪು ಮಾಡಿಕೊಂಡರು. ಗೃಹಲಕ್ಷ್ಮಿ ನೋಂದಣಿಯ ಗದ್ದಲದಲ್ಲಿ ಗುಡಿಯ ಹತ್ತಿರ ಒಂದು ಟೇಬಲ್ ಹಾಕಿ, ಛತ್ರಿ ಕಟ್ಟಿ, ಇಬ್ಬರು ಹುಡುಗರು ಕೂತಿದ್ದರು. "ಯೋಜನೆ ರೊಕ್ಕ ಬರಾಕ ಖಾತೆ ತಗೀತೀವಿ" ಅಂದರು. ಓಣಿಯ ಹೆಂಗಸರೆಲ್ಲ ಮಾಡಿಸಿದರು, ಆಯಿಯೂ ಮಾಡಿಸಿದರು. "ಬೆರಳು ಹಿಡೀವಲ್ದಾಗಿತ್ತು, ಭಾಳ ಸಲ ಒತ್ತಿಸಿಕೊಂಡ್ರು." ಎಷ್ಟು ಸಲ ಒತ್ತಿದ್ದು ಬೆರಳು ಹಿಡಿಯದೆ, ಎಷ್ಟು ಸಲ ಬೇರೆ ಬೇರೆ ಒಪ್ಪಿಗೆಗೆ ಅಂತ ಅವರಿಗೆ ಹೇಗೆ ತಿಳಿಯಬೇಕು? ಖಾತೆ ತೆರೆಯಲು ಒಪ್ಪುವುದು ಬೇರೆ, ನನ್ನ ಎಲ್ಲ ಸರ್ಕಾರಿ ಹಣ ಇನ್ನು ಮುಂದೆ ಇಲ್ಲಿಗೇ ಬರಲಿ ಅನ್ನುವುದು ಬೇರೆ. ಎರಡಕ್ಕೂ ಅದೇ ಮಷಿನ್, ಅದೇ ಹೆಬ್ಬೆಟ್ಟು, ಅದೇ ಕೆಂಪು ದೀಪ. ಬೆರಳು ಸವೆದವರಿಗೆ ಇವೆರಡರ ನಡುವಿನ ಗೆರೆ ಪೂರ್ತಿ ಅಳಿಸಿಹೋಗುತ್ತದೆ.

ಎರಡನೇ ತಿರುವು ಇನ್ನೂ ದೊಡ್ಡದು, ಮತ್ತು ಇಂಥ ಪ್ರಕರಣಗಳಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಹಳೆಯ ಬ್ಯಾಂಕಿನ ಗುಮಾಸ್ತರು ಒಳ್ಳೆಯವರು. ವಿಷಯ ಹೇಳಿದ ಕೂಡಲೇ "ಸೀಡಿಂಗ್ ಫಾರ್ಮ್ ಕೊಡ್ತೀನಿ, ಈಗಲೇ ಸಹಿ ಮಾಡಿಸ್ರಿ, ಮುಂದಿನ ತಿಂಗಳಿಂದ ಇಲ್ಲಿಗೇ ಬರ್ತೈತಿ" ಅಂದರು. ಆಯಿಗೆ ಖುಷಿ. ನನಗೂ ಅದು ಸರಿ ಅನ್ನಿಸಿತು. ಹುಡುಗ ಬೇಡ ಅಂದ. ಅವನ ಲೆಕ್ಕ ಹೀಗಿತ್ತು: ಇವತ್ತು ಯಾವ ಬ್ಯಾಂಕಿಗೆ ಸೀಡಿಂಗ್ ಇದೆ ಅಂತ ಆಧಾರ್ ವೆಬ್‌ಸೈಟಿನಲ್ಲಿ ನೋಡಬಹುದು, ಆದರೆ ಅದು ತೋರಿಸುವುದು ಈಗಿನ ಬ್ಯಾಂಕು ಮಾತ್ರ. ನಾವೇ ಅದನ್ನು ಬದಲಿಸಿಬಿಟ್ಟರೆ ಪರದೆಯಲ್ಲಿ ಹಳೆಯ ಬ್ಯಾಂಕಿನ ಹೆಸರು ಬರುತ್ತದೆ, ಇಷ್ಟು ತಿಂಗಳ ಹಣ ಎಲ್ಲಿ ಕೂತಿದೆ ಅನ್ನುವ ಸುಳಿವೇ ಹೋಗುತ್ತದೆ. ಮೊದಲು ಹಣ ಎಲ್ಲಿದೆ ಗೊತ್ತಾಗಲಿ, ಆಮೇಲೆ ದಾರಿ ಬದಲಿಸೋಣ.

ಅದೇ ಓಣಿಯ ಇನ್ನೊಬ್ಬ ಹೆಂಗಸು ಮೊದಲೇ ಸೀಡಿಂಗ್ ಬದಲಿಸಿಕೊಂಡಿದ್ದರು. ಅವರಿಗೆ ಮುಂದಿನ ಹಣ ಬರುತ್ತಿತ್ತು, ಹಿಂದಿನದು ಎಲ್ಲಿದೆ ಅಂತ ಗೊತ್ತಿರಲಿಲ್ಲ. ಸರ್ಕಾರ ಆ ತಿಂಗಳುಗಳನ್ನು ಹಾಕಲೇ ಇಲ್ಲ ಅಂತ ಅವರು ತಿಳಿದುಕೊಂಡಿದ್ದರು. ಹುಡುಗನಿಗೆ ಈ ಬುದ್ಧಿ ಬಂದದ್ದು ಅವರನ್ನು ನೋಡಿಯೇ.

ಯಾರ ನಂಬರ್ ಕೊಡುವುದು

ಹಣ ಎಲ್ಲಿದೆ ನೋಡಲು ಓಟಿಪಿ ಬೇಕು, ಓಟಿಪಿ ಬರಲು ಆಧಾರ್‌ನಲ್ಲಿ ಮೊಬೈಲ್ ನಂಬರ್ ಬದಲಾಗಬೇಕು. ಇಲ್ಲಿ ಒಂದು ಸಣ್ಣ ನಿರ್ಧಾರದ ಬಗ್ಗೆ ಜಾಸ್ತಿ ಹೇಳಬೇಕು ಅನ್ನಿಸುತ್ತದೆ. ಆಯಿ ಹುಡುಗನಿಗೆ "ನಿನ್ನ ನಂಬರ್ ಹಾಕು ತಮ್ಮಾ, ನೀನ ನೋಡ್ತಿರ್ತಿ" ಅಂದರು. ಹಳ್ಳಿಯಲ್ಲಿ ಇದು ತೀರಾ ಸಾಮಾನ್ಯ. ಕೇಂದ್ರ ನಡೆಸುವವರ ನಂಬರ್, ಪಕ್ಕದ ಮನೆ ಹುಡುಗನ ನಂಬರ್, ಸಂಘದ ಅಕ್ಕನ ನಂಬರ್ ಎಷ್ಟೋ ಜನರ ಆಧಾರ್‌ನಲ್ಲಿ ಇದೆ. ಆಗ ಕೆಲಸವೂ ಬೇಗ ಆಗುತ್ತದೆ.

ಹುಡುಗ ಒಪ್ಪಲಿಲ್ಲ. ನಾಳೆ ತಾನು ಕೇಂದ್ರ ಬಿಟ್ಟು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದರೆ ಗೋವಾದ ಅಣ್ಣನ ಮಗನ ಕತೆಯೇ ಮತ್ತೆ. ಅದಕ್ಕಿಂತ ಮುಖ್ಯ, ಆಯಿಯ ಓಟಿಪಿ ತನ್ನ ಜೇಬಿನಲ್ಲಿ ಇರಬಾರದು. ಏನಾದರೂ ಹೆಚ್ಚುಕಡಿಮೆ ಆದರೆ ಊರವರ ಮುಂದೆ ಅವನ ಮಾತಿಗೆ ಏನು ಬೆಲೆ? ಆಯಿಯ ಹತ್ತಿರ ಮಗಳು ಕೊಡಿಸಿದ ಗುಂಡಿ ಫೋನ್ ಇತ್ತು. ಕರೆ ಬಂದರೆ ಹಸಿರು ಗುಂಡಿ ಒತ್ತುವುದಷ್ಟೇ ಅವರಿಗೆ ಗೊತ್ತು. ಅದೇ ನಂಬರ್ ಕೊಡಿಸಿದ. ಓಟಿಪಿ ಬಂದಾಗ ಫೋನು ಆಯಿಯ ಕೈಯಲ್ಲೇ ಇರುತ್ತದೆ, ಯಾರಿಗೆ ತೋರಿಸಬೇಕು ಅಂತ ಅವರೇ ತೀರ್ಮಾನ ಮಾಡುತ್ತಾರೆ. ನಿಧಾನದ ದಾರಿ, ಆದರೆ ಸರಿಯಾದದ್ದು.

ನಂಬರ್ ಬದಲಿಸಲು ಆಗ 50 ರೂಪಾಯಿ ಶುಲ್ಕ. ದಾಖಲೆ ಏನೂ ಬೇಡ, ಬೆರಳು ಅಥವಾ ಕಣ್ಣಿನ ಗುರುತು ಸಾಕು. ಪೋಸ್ಟ್‌ಮನ್‌ಗಳೂ ಮನೆಗೆ ಬಂದು ಇದನ್ನು ಮಾಡಿಕೊಡುತ್ತಾರೆ. ಆದರೆ ಆಯಿಯ ಬೆರಳು ಹಿಡಿಯುತ್ತಿರಲಿಲ್ಲವಾದ್ದರಿಂದ ಕಣ್ಣಿನ ಸ್ಕ್ಯಾನರ್ ಇರುವ ಆಧಾರ್ ಕೇಂದ್ರಕ್ಕೇ ಕರೆದುಕೊಂಡು ಹೋಗಬೇಕಾಯಿತು. ಮಗಳು ರಾಣೇಬೆನ್ನೂರಿನಿಂದ ಬಂದಳು. ಕೆಲವು ದಿನ ಬಿಟ್ಟು ನಂಬರ್ ಬದಲಾಯಿತು.

ಏನಾಯಿತು

ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡುವ ಪುಟ ತೆರೆದರು. ಗುಂಡಿ ಫೋನಿಗೆ ಓಟಿಪಿ ಬಂತು, ಇಂಗ್ಲಿಷಿನಲ್ಲಿ. ಆಯಿ ಫೋನ್ ಕೊಟ್ಟರು, ಮಗಳು ಅಂಕಿ ಓದಿದಳು. ಪರದೆಯಲ್ಲಿ ಒಂದು ಪೇಮೆಂಟ್ಸ್ ಬ್ಯಾಂಕಿನ (ಸಾಲ ಕೊಡದೆ ಹಣ ಇಡುವುದು, ಕಳಿಸುವುದು ಮಾತ್ರ ಮಾಡುವ ಬ್ಯಾಂಕು) ಹೆಸರು, ಸೀಡಿಂಗ್ ಆದ ತಾರೀಖು, ಚಾಲ್ತಿಯಲ್ಲಿದೆ ಅನ್ನುವ ಸಾಲು. ತಾರೀಖು ಗುಡಿಯ ಹತ್ತಿರ ಟೇಬಲ್ ಹಾಕಿದ ದಿನಗಳಿಗೆ ಸರಿಯಾಗಿ ಹೊಂದಿತು. ಮನೆಯ ಟ್ರಂಕಿನಲ್ಲಿ ಹುಡುಕಿದಾಗ ರೇಷನ್ ಕಾರ್ಡಿನ ಜೊತೆ ಆ ಹುಡುಗರು ಕೊಟ್ಟಿದ್ದ ಒಂದು ಮಡಚಿದ ಕಾಗದವೂ ಸಿಕ್ಕಿತು. ಅದರಲ್ಲಿ ಖಾತೆ ನಂಬರ್ ಇತ್ತು. ಕಾಗದ ಪೂರ್ತಿ ಇಂಗ್ಲಿಷಿನಲ್ಲಿ.

ಒಂದು ರೂಪಾಯಿಯೂ ಹೋಗಿರಲಿಲ್ಲ. ಪಗಾರ, ಗೃಹಲಕ್ಷ್ಮಿ, ಅಕ್ಕಿಯ ಹಣ ಎಲ್ಲ ಆ ಖಾತೆಯಲ್ಲೇ ತಿಂಗಳು ತಿಂಗಳು ಬಿದ್ದಿತ್ತು. ತಿಂಗಳಿಗೆ 3,370 ರೂಪಾಯಿ ಲೆಕ್ಕ. ಆ ಅವಧಿಯಲ್ಲಿ ಆಯಿ ಗುಳಿಗೆ ಅರ್ಧಕ್ಕೆ ಇಳಿಸಿಕೊಂಡಿದ್ದರು, ಮಗಳ ಹತ್ತಿರ ಕೈಗಡ ಕೇಳಿದ್ದರು. ಹಣ ಸುರಕ್ಷಿತವಾಗಿತ್ತು ಅನ್ನುವುದರಿಂದ ಆ ತಿಂಗಳುಗಳೇನೂ ವಾಪಸ್ ಬರುವುದಿಲ್ಲ. ಇದನ್ನು ಯಶಸ್ಸಿನ ಕತೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ತೆಗೆಯುವುದೂ ಸುಲಭ ಇರಲಿಲ್ಲ. ಆ ಬ್ಯಾಂಕಿಗೆ ನಮ್ಮ ಕಡೆ ಬಾಗಿಲು ಅಂತ ಇಲ್ಲ, ಮೊಬೈಲ್ ರಿಚಾರ್ಜ್ ಅಂಗಡಿಯೇ ಬ್ಯಾಂಕು. ಆಧಾರ್ ಮೇಲೆ ಹಣ ತೆಗೆಯಲು ಒಂದು ಸಲಕ್ಕೆ 10,000 ರೂಪಾಯಿ ಮಿತಿ. ಬೆರಳು ಹಿಡಿಯಬೇಕು, ಅಂಗಡಿಯವನ ಗಲ್ಲೆಯಲ್ಲಿ ಅಷ್ಟು ನಗದೂ ಇರಬೇಕು. ಸುಗ್ಗಿ ಮುಗಿದು ಕೈ ಸ್ವಲ್ಪ ಮೆತ್ತಗಾದ ಮೇಲೆ, ಬಿಸಿನೀರಿನಲ್ಲಿ ತೊಳೆದು ಎಣ್ಣೆ ಸವರಿ ಒರೆಸಿ, ಎಡಗೈಯ ನಡುಬೆರಳಿನಲ್ಲಿ ಹಿಡಿಯಿತು. ಪೂರ್ತಿ ತೆಗೆದ ಮೇಲೆಯೇ ಆಯಿ ಹಳೆಯ ಬ್ಯಾಂಕಿನ ಸೀಡಿಂಗ್ ಫಾರ್ಮಿಗೆ ಹೆಬ್ಬೆಟ್ಟು ಒತ್ತಿದರು. ಈಗ ಎಲ್ಲಿ ಸೀಡಿಂಗ್ ಇದೆ ಅಂತ ಕೇಳುವ ಕಡೆ ಪೇಮೆಂಟ್ಸ್ ಬ್ಯಾಂಕಿನ ಹೆಸರು ಬರೆದರು. ಆ ಬ್ಯಾಂಕಿನಲ್ಲೇ ಇರಲಿ ಬಿಡು, ಊರಲ್ಲೇ ಸಿಗುತ್ತದೆ ಅಂತ ಮಗಳು ಹೇಳಿ ನೋಡಿದಳು. ಆಯಿ ಕೇಳಲಿಲ್ಲ. "ಬುಕ್ಕಿನ್ಯಾಗ ಬರೆದು ಬರ್ಬೇಕು. ನಾ ಕಣ್ಣಿಲೆ ನೋಡ್ಬೇಕು."

ಆಮೇಲೆ ಏನು ಬದಲಿಸಿದೆವು

ತಾಲೂಕಿನ ಸಭೆಯೊಂದರಲ್ಲಿ ಈ ವಿಷಯ ಬಂದಾಗ ಮೊದಲ ಸಲಹೆ ಕ್ಯೂಆರ್ ಕೋಡ್ ಇರುವ ಪೋಸ್ಟರ್. ಸ್ಕ್ಯಾನ್ ಮಾಡಿದರೆ ಸೀಡಿಂಗ್ ಪುಟ ತೆರೆಯುತ್ತದೆ. ಅಂಟಿಸಿದರು. ಕಾಲೇಜು ಹುಡುಗರು ತಮ್ಮ ಸ್ಕಾಲರ್‌ಶಿಪ್ ಹಣ ಹುಡುಕಲು ಅದನ್ನು ಚೆನ್ನಾಗಿ ಬಳಸುತ್ತಿದ್ದಾರೆ, ಅವರಿಗೂ ಇದೇ ತೊಂದರೆ ಇರುತ್ತದೆ. ಆಯಿಯ ವಯಸ್ಸಿನವರಿಗೆ ಮಾತ್ರ ಅದರಿಂದ ಏನೂ ಆಗಲಿಲ್ಲ.

ಅವರಿಗಾಗಿ ಚೀಟಿ ಮಾಡಿದೆವು. ಪಾಸ್‌ಬುಕ್ಕಿನ ಒಳಹೊದಿಕೆಗೆ ಅಂಟಿಸುವಷ್ಟು ದೊಡ್ಡದು. ದೊಡ್ಡ ಅಕ್ಷರದಲ್ಲಿ ನಾಲ್ಕೇ ಸಾಲು. ಸರ್ಕಾರಿ ರೊಕ್ಕ ಬರುವ ಬ್ಯಾಂಕು. ಅದು ಎಲ್ಲಿದೆ. ನೋಡಿದ ತಾರೀಖು. ಬೇರೆ ಕಡೆ ಹೆಬ್ಬೆಟ್ಟು ಕೊಡುವ ಮೊದಲು ಈ ಚೀಟಿ ತೋರಿಸಿ ಕೇಳಿ.

ಎರಡನೇ ಸಾಲು ಸೇರಿದ್ದು ಜನರ ಮಾತು ಕೇಳಿದ ಮೇಲೆ. ಬ್ಯಾಂಕಿನ ಹೆಸರು ಬರೆದು ತೋರಿಸಿದರೆ ಹಿರಿಯರಿಗೆ ಹೊಳೆಯುವುದಿಲ್ಲ, "ಬಸ್ ಸ್ಟ್ಯಾಂಡ್ ಮುಂದಿನ ಬ್ಯಾಂಕು", "ಮ್ಯಾಲಿನ ಮಹಡಿ ಬ್ಯಾಂಕು" ಅಂದರೆ ಕೂಡಲೇ ಗೊತ್ತಾಗುತ್ತದೆ. ಎರಡೆರಡು ಬ್ಯಾಂಕು ಒಂದಾಗಿ ಹೆಸರು ಬದಲಾದ ಮೇಲಂತೂ ಹೆಸರಿಗಿಂತ ಜಾಗವೇ ಗಟ್ಟಿ. ತಾರೀಖು ಏಕೆಂದರೆ ಚೀಟಿ ಹಳೆಯದಾಗುತ್ತದೆ. ಚೀಟಿ ಬರೆದ ಮರುದಿನವೇ ಯಾರೋ ಸೀಡಿಂಗ್ ಬದಲಿಸಬಹುದು, ಅದನ್ನೇ ಕಾಯಂ ಅಂತ ನಂಬುವ ಹಾಗಾಗಬಾರದು. ಆಧಾರ್ ನಂಬರ್, ಖಾತೆ ನಂಬರ್, ಫೋನ್ ನಂಬರ್ ಮೂರನ್ನೂ ಬೇಕೆಂದೇ ಬಿಟ್ಟೆವು. ಪಾಸ್‌ಬುಕ್ಕು ಬಹಳ ಜನರ ಕೈ ತಿರುಗುತ್ತದೆ.

ಕೇಂದ್ರದ ಹುಡುಗ ಕೇಳುವ ಕ್ರಮವೂ ಬದಲಾಯಿತು. ರೊಕ್ಕ ಬಂದಿಲ್ಲ ಅಂತ ಯಾರಾದರೂ ಬಂದರೆ ಮೊದಲು ಯಾವ ಯೋಜನೆ ಅಂತ ಕೇಳುತ್ತಿದ್ದ, ಹಾಗಾಗಿ ಅವರು ಆ ಇಲಾಖೆಯ ಕಡೆ ಹೋಗಿಬಿಡುತ್ತಿದ್ದರು. ಈಗ ಬೇರೆ ಯಾವ ಯಾವ ರೊಕ್ಕ ಬರುತ್ತದೆ, ಅವೂ ನಿಂತಿವೆಯಾ ಅಂತ ಮೊದಲು ಕೇಳುತ್ತಾನೆ. ಎಲ್ಲ ನಿಂತಿದ್ದರೆ ದಾರಿಯ ತೊಂದರೆ. ಒಂದೇ ನಿಂತಿದ್ದರೆ ಆ ಯೋಜನೆಯ ತೊಂದರೆ, ಆಗ ಇಲಾಖೆಗೆ ಹೋದರೆ ಅರ್ಥ ಇದೆ. ಪಾಸ್‌ಬುಕ್ಕಿನ ಕೊನೆಯ ಜಮೆಯ ತಾರೀಖು ನೋಡದೆ ಯಾರನ್ನೂ ತಾಲೂಕಿಗೆ ಕಳಿಸುವುದಿಲ್ಲ. ಹಣ ಎಲ್ಲಿದೆ ಗೊತ್ತಾಗುವ ಮೊದಲು ಸೀಡಿಂಗ್ ಫಾರ್ಮ್ ಮುಟ್ಟುವುದಿಲ್ಲ.

ತಹಶೀಲ್ದಾರ್ ಕಚೇರಿಯ ಸಿಬ್ಬಂದಿಯ ಜೊತೆ ಕೂತು ಮಾತಾಡಿದಾಗ ನನಗೆ ಅನ್ನಿಸಿದ್ದು, ಅವರಿಗೂ ಆ ಪರದೆಯ ಮೇಲೆ ಸಿಟ್ಟಿದೆ. ದಿನಾ ಹಿರಿಯರು ಬಂದು ಅಳುತ್ತಾರೆ, ಇವರ ಕೈಯಲ್ಲಿ ಇರುವುದು ಹಸಿರು ಬಣ್ಣದ ಒಂದು ಪದ. ಯಶಸ್ವಿ ಅನ್ನುವ ಕಡೆ ಹಣ ಹೋದ ಬ್ಯಾಂಕಿನ ಹೆಸರು ಬಂದಿದ್ದರೆ ಆಯಿ ಮೊದಲ ದಿನವೇ ಮನೆಗೆ ಹೋಗಿ ಟ್ರಂಕು ತೆರೆಯುತ್ತಿದ್ದರು. ಆ ಹೆಸರು ವ್ಯವಸ್ಥೆಯೊಳಗೆ ಎಲ್ಲೋ ಇರಲೇಬೇಕು, ಇಲ್ಲದಿದ್ದರೆ ಹಣ ಮುಟ್ಟುವುದೇ ಇಲ್ಲ. ಖಾತೆ ನಂಬರ್ ಬೇಡ, ಬ್ಯಾಂಕಿನ ಹೆಸರು ಸಾಕು. ಅದನ್ನು ಮುಂದೆ ಕೂತಿರುವ ಸಿಬ್ಬಂದಿಗೆ ತೋರಿಸಬೇಕು, ಅಷ್ಟೇ. ನಾವು ಕೊಟ್ಟ ಮನವಿಯ ಮೊದಲ ಬೇಡಿಕೆ ಇದು. ಎರಡನೆಯದು, ಖಾತೆ ತೆರೆಯುವ ಹೆಬ್ಬೆಟ್ಟು ಮತ್ತು ಸೀಡಿಂಗ್ ಬದಲಿಸುವ ಹೆಬ್ಬೆಟ್ಟಿನ ನಡುವೆ ಮಷಿನ್ ಕನ್ನಡದಲ್ಲಿ ಗಟ್ಟಿಯಾಗಿ ಹೇಳಬೇಕು: ಇನ್ನು ಮುಂದೆ ನಿಮ್ಮ ಎಲ್ಲ ಸರ್ಕಾರಿ ಹಣ ಈ ಬ್ಯಾಂಕಿಗೆ ಬರುತ್ತದೆ, ಒಪ್ಪಿಗೆಯೇ? ಓದಲು ಬಾರದವರಿಗೆ ಕೇಳಲು ಬರುತ್ತದಲ್ಲ.

ಮೂರನೇ ಬೇಡಿಕೆಯನ್ನು ಹುಡುಗ ತಾನೇ ಸೇರಿಸಿದ. ಕೇಂದ್ರದವರಿಗೆ ಸಿಗುವುದು ಅರ್ಜಿಗೆ ಇಷ್ಟು, ಪ್ರಿಂಟಿಗೆ ಇಷ್ಟು ಅಂತ. ಕಳೆದುಹೋದ ಹಣ ಹುಡುಕಿಕೊಡುವುದು ಅವನ ಕಂಪ್ಯೂಟರಿನ ಸೇವೆಗಳ ಪಟ್ಟಿಯಲ್ಲೇ ಇಲ್ಲ. ಆಯಿಯ ಕೆಲಸಕ್ಕೆ ಅವನು ಎಷ್ಟು ಹೊತ್ತು ಕೊಟ್ಟನೋ ಅದಷ್ಟೂ ದಾಖಲೆಯಲ್ಲಿ ಸೊನ್ನೆ, ಆ ಹೊತ್ತಿನಲ್ಲಿ ಪಾಳಿಯಲ್ಲಿದ್ದವರು ಬೈದದ್ದು ಬೇರೆ. ಈ ಕೆಲಸಕ್ಕೂ ಒಂದು ಹೆಸರು, ಒಂದು ನಂಬರ್, ಸರ್ಕಾರ ಕೊಡುವ ಒಂದು ಶುಲ್ಕ ಬೇಕು ಅಂತ ಅವನ ವಾದ. ಹಿರಿಯರಿಂದ ತೆಗೆದುಕೊಳ್ಳಬಾರದು ಅನ್ನುವುದನ್ನೂ ಅವನೇ ಬರೆಸಿದ. ಮನವಿ ಜಿಲ್ಲಾ ಕಚೇರಿಯಲ್ಲಿದೆ. ಅಲ್ಲಿಂದ ಉತ್ತರ ಬರುವವರೆಗೆ ಅಂತ ಅವನು ಒಂದು ನೋಟ್‌ಬುಕ್ ಇಟ್ಟಿದ್ದಾನೆ. ಬಂದವರ ಓಣಿ, ಹಣ ನಿಂತ ತಿಂಗಳು, ಕೊನೆಗೆ ಎಲ್ಲಿ ಸಿಕ್ಕಿತು ಅಂತ ಬರೆಯುತ್ತಾನೆ, ಹೆಸರು ಬರೆಯುವುದಿಲ್ಲ. ಮುಂದಿನ ಸಭೆಗೆ ಆ ನೋಟ್‌ಬುಕ್ ತೆಗೆದುಕೊಂಡು ಹೋಗುವುದು ಅಂತ ತೀರ್ಮಾನ ಆಗಿದೆ. ಪಕ್ಕದ ಎರಡು ಊರಿನ ಕೇಂದ್ರದವರೂ ಅದೇ ಥರ ಬರೆಯಲು ಶುರು ಮಾಡಿದ್ದಾರೆ.